ಅಜ್ಜಿ ಕುಡಿದ ಚಾಕ್ಲೇಟು ಹಾಲು

ಹಾಲು ಉಕ್ಕುವುದಕ್ಕೆ ಸ್ವಲ್ಪ ಮುಂಚೆ ಕೋಕೋ ಪುಡಿಯಿಂದ ಒಂದು ವಾಸನೆ ಏಳುತ್ತದೆ. ಅರ್ಧ ಸಿಹಿ, ಅರ್ಧ ಸುಟ್ಟ ಕಟ್ಟಿಗೆಯದು. ಹೋದ ಚಳಿಗಾಲದಲ್ಲಿ ಕೆಲಸದ ಮೇಲೆ ಮುನ್ನಾರಿಗೆ ಹೋಗಿದ್ದಾಗ, ಬೆಳಗಿನ ಮಂಜಿನಲ್ಲಿ ಬಸ್ ನಿಲ್ದಾಣದ ಹಿಂದಿನ ಓಣಿಯೊಂದರಲ್ಲಿ ಆ ವಾಸನೆ ಬಂದು ನನ್ನ ಕಾಲು ತಾನಾಗಿ ನಿಂತಿತು. ನಾನು ಹೂವು ಬೆಳೆಯುವ ಕಂಪನಿಯೊಂದರಲ್ಲಿ ಕೆಲಸ ಮಾಡುವವಳು. ಗುಲಾಬಿ, ಜರ್ಬೆರಾ ಬೆಳೆಯುವ ತಂಪು ಊರುಗಳಿಗೆಲ್ಲ ಓಡಾಟ. ಯಾವ ಊರಿಗೆ ಹೋಗಲಿ, ಬ್ಯಾಗು ಇಳಿಸಿದ ಮೇಲೆ ನಾನು ಕೇಳುವ ಮೊದಲ ಪ್ರಶ್ನೆ, ಇಲ್ಲಿ ಒಳ್ಳೆಯ ಬಿಸಿ ಚಾಕೊಲೇಟ್ ಎಲ್ಲಿ ಸಿಗುತ್ತದೆ ಎಂಬುದು. "ದೇವಸ್ಥಾನದ ದಾರಿ ಕೇಳೋ ಹಾಗೆ ಕೇಳ್ತೀರಲ್ಲ ಮೇಡಂ" ಎಂದು ಜೊತೆಯವರು ನಗುತ್ತಾರೆ. ಆ ಬೆಳಿಗ್ಗೆ ಓಣಿಯ ಅಂಗಡಿಯಲ್ಲಿ ಕೂತು ಒಂದು ಲೋಟ ಕುಡಿದೆ. ಪುಡಿ ಚೆನ್ನಾಗಿತ್ತು, ಹಾಲು ತೆಳ್ಳಗಿತ್ತು. ನನಗೇ ಗೊತ್ತಿಲ್ಲದೆ ಬಾಯಿಂದ ಮಾತು ಹೊರಬಿತ್ತು: "ನೀರಿಗೆ ಹಾಲು ತೋರಿಸವ್ರೆ." ಅದು ನನ್ನ ಮಾತಲ್ಲ, ನಮ್ಮಜ್ಜಿಯದು.

ನಮ್ಮೂರು ದೇವನಹಳ್ಳಿಗೂ ದೊಡ್ಡಬಳ್ಳಾಪುರಕ್ಕೂ ನಡುವೆ ಇತ್ತು. ಊರು ಈಗಲೂ ಇದೆ ಅನ್ನಿ. ನಮ್ಮ ಮನೆ ಇದ್ದ ಬೀದಿ ಮಾತ್ರ ಇಲ್ಲ. ಮಣ್ಣಿನ ಗೋಡೆ, ಮೇಲೆ ಹೆಂಚು, ಮುಂದೆ ಮಧ್ಯಾಹ್ನದ ಬಿಸಿಲಲ್ಲೂ ತಣ್ಣಗಿರುವ ಜಗಲಿ, ಹಿತ್ತಲಲ್ಲಿ ಒಂದು ಚಕ್ಕೋತದ ಮರ. ಒಳಗೆ ಕಾಲಿಟ್ಟರೆ ಎಡಕ್ಕೆ ಹಸುಗಳ ಉಸಿರು, ಬಲಕ್ಕೆ ರಾಗಿ ಮೂಟೆಗಳ ಒಣ ವಾಸನೆ, ನೇರಕ್ಕೆ ಅಡುಗೆಮನೆಯ ಹೊಗೆ. ಕಣ್ಣು ಕಟ್ಟಿ ಬಿಟ್ಟರೂ ಯಾವ ಕೋಣೆಯಲ್ಲಿದ್ದೇನೆ ಎಂದು ಮೂಗೇ ಹೇಳುತ್ತಿತ್ತು. ಅಂಥ ಮನೆಯಲ್ಲಿ ಬೆಳೆದವರಾದರೆ ನಿಮಗೂ ಇದು ಗೊತ್ತಿರುತ್ತದೆ. ಆ ಮನೆಯಲ್ಲಿ ಅಜ್ಜಿ, ಅಪ್ಪ, ಅಮ್ಮ, ಇನ್ನೂ ಮದುವೆಯಾಗದ ಚಿಕ್ಕಪ್ಪ ಮುನಿರಾಜು, ಮತ್ತು ನಾನು ಇದ್ದೆವು. ವಿಮಾನ ನಿಲ್ದಾಣ ಬಂದ ಹೊಸತು. ತಲೆಯ ಮೇಲೆ ವಿಮಾನ ಹೋದಾಗಲೆಲ್ಲ ಕೊಟ್ಟಿಗೆಯ ಹಸುಗಳು ಹಗ್ಗ ಜಗ್ಗುತ್ತಿದ್ದವು. ಅಜ್ಜಿ ಅವುಗಳ ಬೆನ್ನು ತಟ್ಟಿ, "ಏನಿಲ್ಲ ಸುಮ್ಕಿರ್ರೇ, ಅದರ ಪಾಡಿಗೆ ಅದು ಹೋಗ್ತದೆ" ಎನ್ನುತ್ತಿದ್ದಳು. ಅಪ್ಪ ಉಳಿದ ಜಮೀನು ನೋಡಿಕೊಳ್ಳುತ್ತಿದ್ದ. ಚಿಕ್ಕಪ್ಪ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಓಡಿಸುತ್ತಿದ್ದ.

ಚಾಕ್ಲೇಟು ಹಾಲು ನಮ್ಮ ಮನೆಗೆ ಬಂದದ್ದು ಚಿಕ್ಕಪ್ಪನಿಂದಲೇ. ಮಂಜು ಬಿದ್ದ ಒಂದು ಬೆಳಿಗ್ಗೆ, ಅವನು ಟ್ಯಾಕ್ಸಿಯಲ್ಲಿ ಕರೆದುಕೊಂಡು ಹೋಗುತ್ತಿದ್ದ ಹೆಂಗಸೊಬ್ಬರು ದಾರಿಯಲ್ಲಿ ತಮಗೆ ಬಿಸಿ ಚಾಕೊಲೇಟ್ ತೆಗೆದುಕೊಳ್ಳುವಾಗ ಅವನಿಗೂ ಒಂದು ಲೋಟ ಕೊಡಿಸಿದ್ದರಂತೆ. ಅವನು ಎರಡು ಗುಟುಕು ಕುಡಿದು, ಉಳಿದದ್ದನ್ನು ಫ್ಲಾಸ್ಕಿಗೆ ಬಗ್ಗಿಸಿಕೊಂಡು ಅಜ್ಜಿಗೆ ತಂದ. ಅಜ್ಜಿ ಕಾಫಿ, ಟೀ ಮುಟ್ಟುವವಳಲ್ಲ. ಅವಳಿಗೆ ಹಾಲೇ ಆಗಬೇಕು. ಲೋಟವನ್ನು ಮೂಗಿನ ಹತ್ತಿರ ಹಿಡಿದು, "ಇದೇನ್ಲಾ, ಹಾಲಿಗೆ ಇದ್ದಿಲು ಕಲಸ್ದಂಗೈತೆ" ಎಂದಳು. ಒಂದು ಗುಟುಕು ಕುಡಿದಳು. ಇನ್ನೊಂದು ಗುಟುಕು ಕುಡಿದಳು. ನಾನು ಬಾಯಿ ಚಪ್ಪರಿಸುತ್ತಾ ಪಕ್ಕದಲ್ಲೇ ಕೂತಿದ್ದರೂ ನನಗೆ ಕೊನೆಗೆ ಉಳಿದದ್ದು ತಳದ ಗಸಿ. "ಪುಡಿ ಚೆನ್ನಾಗೈತೆ ಕಣೋ ಮುನಿರಾಜ. ಹಾಲು ಸರಿಗಿಲ್ಲ. ನೀರಿಗೆ ಹಾಲು ತೋರಿಸವ್ರೆ" ಎಂದು ತೀರ್ಪು ಕೊಟ್ಟಳು.

ಅಲ್ಲಿಂದ ಶುರುವಾಯಿತು. ಚಿಕ್ಕಪ್ಪ ದೇವನಹಳ್ಳಿಯ ಬೇಕರಿಯಿಂದ ಪುಡಿ ತಂದ. ನಮ್ಮದೇ ಹಸುವಿನ ಹಾಲಿಗೆ ಹಾಕಿದರೆ ಪುಡಿ ಗಂಟು ಗಂಟಾಗಿ ತೇಲಿತು. ಬೆಲ್ಲ ಹಾಕಿದ ದಿನ ಹಾಲೇ ಒಡೆದುಹೋಯಿತು. ಅಜ್ಜಿ ಸೋಲೊಪ್ಪುವವಳಲ್ಲ, ಆದರೆ ಅದರ ಹದ ಗೊತ್ತಿದ್ದವರು ಊರಲ್ಲಿ ಒಬ್ಬರೂ ಇರಲಿಲ್ಲ. ಹಾಗಾಗಿ ಬಾಡಿಗೆ ಇಲ್ಲದ ದಿನ ಚಿಕ್ಕಪ್ಪ ನಮ್ಮನ್ನು ಕಾರಿನಲ್ಲಿ ತುಂಬಿಕೊಂಡು ಹೊರಡತೊಡಗಿದ. ನಂದಿ ಬೆಟ್ಟದ ಮೇಲೆ ಕುಡಿದೆವು, ಬರೀ ಸಕ್ಕರೆ. ಮೈಸೂರಿನಲ್ಲಿ ಕುಡಿದೆವು, ಕಾಫಿ ಪಾತ್ರೆಯಲ್ಲೇ ಕಾಯಿಸಿದ್ದರು. ತಿರುಪತಿಗೆ ಹೋಗಿ ಬರುವಾಗ ದಾರಿಯ ಹೋಟೆಲಿನಲ್ಲಿ ಕೇಳಿದರೆ ಮಾಣಿ ಚಾಕೊಲೇಟೊಂದನ್ನು ಬಿಸಿ ಹಾಲಿಗೆ ಅದ್ದಿ ತಂದುಕೊಟ್ಟ. ಅಜ್ಜಿ ಕಾರಿನಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಗಂಡ ಸತ್ತ ಮೇಲೆ ಹೊಸಿಲು ದಾಟಿದ್ದೇ ಕಡಿಮೆ ಎಂದು ಅಮ್ಮ ಹೇಳುತ್ತಿದ್ದ ಆ ಮುದುಕಿ, ಕಿಟಕಿಯ ಗಾಜು ಇಳಿಸಿ, ಸೆರಗು ತಲೆಗೆ ಹೊದ್ದು, ದಾರಿಯಲ್ಲಿ ಸಿಕ್ಕ ಊರಿನ ಹೆಸರನ್ನೆಲ್ಲ ನನ್ನಿಂದ ಓದಿಸಿ ಕೇಳುತ್ತಿದ್ದಳು.

ಅದೇ ಸಮಯಕ್ಕೆ ರಸ್ತೆ ಅಗಲ ಮಾಡುವ ಮಾತು ಬಂತು. ನಮ್ಮ ಬೀದಿ ಪೂರ್ತಿ ಹೋಗುವುದಿತ್ತು. ಒಪ್ಪಿಗೆ ಕೊಟ್ಟಾಗಿತ್ತು. ದೇವನಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದು ಸಾಮಾನು ಬಹಳಷ್ಟು ಸಾಗಿಸಿಯೂ ಆಗಿತ್ತು. ಅಜ್ಜಿ ಮಾತ್ರ ಕೊನೆಯ ದಿನದ ತನಕ ಇಲ್ಲೇ ಮಲಗುವುದು ಎಂದು ಹಟ ಹಿಡಿದಿದ್ದರಿಂದ ನಾವೂ ಉಳಿದಿದ್ದೆವು. ಮನೆ ಹೋಗುವುದಕ್ಕೆ ಅವಳು ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ಅವಳದು ಒಂದೇ ಆಸೆ. "ಬೀಳೋ ದಿನ ನಾನು ಮುಂದೆ ನಿಂತಿರ್ತೀನಿ. ಹೊಸಿಲಿಗೆ ಅರಿಶಿನ ಕುಂಕುಮ ಇಟ್ಟು, ದೀಪ ಹಚ್ಚಿ, ಕೈಮುಗಿದು ಕಳಿಸ್ತೀನಿ. ಮದ್ವೆಯಾಗಿ ಬಂದಾಗ ನನ್ನ ಒಳಕ್ಕೆ ಕರ್ಕೊಂಡ ಮನೆ ಕಣೋ ಅದು." ಉಗಾದಿ ಕಳೆದ ಮೇಲೆ ಕೆಡವಲು ಬರುತ್ತಾರೆ ಎಂದು ಎಲ್ಲರೂ ನಂಬಿದ್ದರು.

ಉಗಾದಿಗೆ ಇನ್ನೂ ದಿನ ಇದ್ದಾಗಲೇ ಬೀದಿಯ ಆ ತುದಿಯಿಂದ ಕೆಲಸ ಶುರುವಾಯಿತು. ಮೊದಲು ಹೋದದ್ದು ಪಿಳ್ಳಪ್ಪ ತಾತನ ಮನೆ. ಬುಲ್ಡೋಜರ್ ಬಂದು ನಿಂತಾಗ ತಾತ ಬಾಗಿಲಿಗೆ ಅಡ್ಡ ಮಲಗಿಬಿಟ್ಟ. ಕೈಕಾಲು ಹಿಡಿದು ಎತ್ತಿ ಪಕ್ಕಕ್ಕೆ ತಂದರು. ಎತ್ತಿದವರಲ್ಲಿ ಚಿಕ್ಕಪ್ಪನೂ ಒಬ್ಬ. ಗೋಡೆ ಬೀಳುವುದನ್ನು ನೋಡುತ್ತಾ ಕೂತಿದ್ದ ತಾತ ಆಮೇಲೆ ತನ್ನ ಮಗಳನ್ನೇ "ನೀನು ಯಾರಮ್ಮಾ?" ಎಂದು ಕೇಳಿದ. ಅವತ್ತಿನಿಂದ ಅವನಿಗೆ ಯಾರ ಗುರುತೂ ಹತ್ತಲಿಲ್ಲ. ಅವತ್ತು ಸಂಜೆ ಚಿಕ್ಕಪ್ಪ ಜಗಲಿಯ ಮೇಲೆ ಕೂತು ತನ್ನ ಅಂಗೈಗಳನ್ನೇ ನೋಡಿಕೊಳ್ಳುತ್ತಿದ್ದದ್ದು ನನಗೆ ನೆನಪಿದೆ.

ಅದಾದ ಮೇಲೆ ಒಂದು ದಿನ ಅವನು ಬಹಳ ಲವಲವಿಕೆಯಿಂದ ಒಳಗೆ ಬಂದ. "ಅವ್ವ, ಊಟಿಯಾಗೆ ಒಂದು ಅಂಗಡಿ ಐತಂತೆ. ಎಮ್ಮೆ ಹಾಲಲ್ಲಿ ಮಾಡ್ತಾರಂತೆ. ನಾಳೆ ಹೊರಡಾಣ. ಒಂದು ರಾತ್ರಿ ಇದ್ದು ಬರಾಣ" ಎಂದ. ನನಗೆ ಶಾಲೆಗೆ ರಜೆ. ಅಜ್ಜಿ ಸ್ವೆಟರು ಹುಡುಕಿದಳು. ಅಪ್ಪ, ಹಸು ನೋಡಿಕೊಳ್ಳಬೇಕು, ನಾನು ಬರಲ್ಲ ಎಂದ. ಬೆಳಿಗ್ಗೆ ಹೊರಡುವಾಗ ಅಮ್ಮ ಕಾರು ಹತ್ತಿದವಳು ಮತ್ತೆ ಇಳಿದು ಒಳಗೆ ಹೋಗಿ, ಬಹಳ ಹೊತ್ತು ಬರಲಿಲ್ಲ. "ಏನೇ ಮರ್ತೆ?" ಎಂದು ಅಜ್ಜಿ ಕೂಗಿದಳು. ಅಮ್ಮ ಬರಿಗೈಯಲ್ಲಿ ಹೊರಗೆ ಬಂದಳು.

ಊಟಿಯಲ್ಲಿ ಮಾರ್ಕೆಟ್ಟಿನ ಕೆಳಗಿನ ಇಳಿಜಾರಿನಲ್ಲಿ ಆ ಅಂಗಡಿ ಇತ್ತು. ಮಂಕರಿ ಬುಟ್ಟಿಯಷ್ಟು ದೊಡ್ಡ ಜಡೆಗಂಟಿನ ತಮಿಳು ಹೆಂಗಸೊಬ್ಬಳು ಒಲೆಯ ಮುಂದೆ ನಿಂತಿದ್ದಳು. ಲೋಟ ಬಂತು. ಕೆನೆ ಕಟ್ಟಿದ, ಗಂಜಿಯಷ್ಟು ಗಟ್ಟಿಯಾದ, ಕಂದು ಬಣ್ಣದ ಹಾಲು. ಅಜ್ಜಿ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು. ಮತ್ತೆ ತೆರೆದಾಗ ಅವಳ ಮುಖ ಹುಡುಗಿಯ ಮುಖದ ಹಾಗಿತ್ತು. "ಇದೀಗ ಹಾಲು!" ಎಂದಳು. ಎದ್ದು ಒಲೆಯ ಹತ್ತಿರ ಹೋಗಿ, ತನಗೆ ಬರುವ ತೆಲುಗು, ಬಾರದ ತಮಿಳು ಎರಡನ್ನೂ ಸೇರಿಸಿ ಆ ಹೆಂಗಸನ್ನು ಮಾತಾಡಿಸಿದಳು. ಪುಡಿಯನ್ನು ಮೊದಲು ಒಂಚೂರು ಬೆಚ್ಚಗಿನ ಹಾಲಿನಲ್ಲಿ ನಾದಿ, ಆಮೇಲೆ ಉಳಿದ ಹಾಲು ಹುಯ್ಯಬೇಕು ಎಂದು ತಿಳಿದುಕೊಂಡು ಬಂದು, ಇನ್ನೊಂದು ಲೋಟ ಹೇಳಿದಳು. ಚಿಕ್ಕಪ್ಪನ ತಲೆ ಸವರಿ, "ಚೆನ್ನಾಗಿರು ಮಗಾ. ಈ ವಯಸ್ಸಿಗೆ ನಂಗೆ ಇಷ್ಟೆಲ್ಲ ತೋರಿಸ್ದೆ" ಎಂದಳು. ಅಮ್ಮನ ಲೋಟ ಹಾಗೇ ಇತ್ತು. ಮೇಲಿನ ಕೆನೆ ಸುಕ್ಕುಗಟ್ಟುತ್ತಿತ್ತು. ಚಿಕ್ಕಪ್ಪನ ಫೋನು ಹೊಡೆದುಕೊಂಡಿತು. ಅವನು ಹೊರಗೆ ಹೋಗಿ ನಮಗೆ ಬೆನ್ನು ಹಾಕಿ ನಿಂತು, "ಆಯ್ತಾ?" ಎಂದದ್ದಷ್ಟೇ ನನಗೆ ಕೇಳಿಸಿತು. ಬಹಳ ಹೊತ್ತು ಅವನು ಒಳಗೆ ಬರಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಊರು ಮುಟ್ಟಿದೆವು. ಕಾರು ನಿಂತಾಗ ಅಜ್ಜಿ ಕಿಟಕಿಯಿಂದ ಆಚೆ ನೋಡಿ, "ಯಾಕ್ಲಾ, ದಾರಿ ತಪ್ಪಿದ್ಯಾ?" ಎಂದಳು. ನಾನೂ ದಾರಿ ತಪ್ಪಿದೆ ಎಂದೇ ಅಂದುಕೊಂಡೆ. ಎದುರಿಗೆ ಹಸಿ ಕೆಂಪು ಮಣ್ಣಿನ ಬಯಲು. ಅದರಾಚೆ ಕೆರೆಯ ಏರಿ. ನಮ್ಮ ಬೀದಿಯಿಂದ ಕೆರೆಯ ಏರಿ ಯಾವತ್ತೂ ಕಂಡದ್ದಿಲ್ಲ. ಆಮೇಲೆ ಚಕ್ಕೋತದ ಮರ ಕಂಡಿತು. ಅದರ ನೆರಳಲ್ಲಿ ನಮ್ಮ ಹಸುಗಳು, ಹಸುಗಳ ಪಕ್ಕದಲ್ಲಿ ಮೈಯೆಲ್ಲ ಧೂಳಾದ ಅಪ್ಪ. "ಅದು ನಮ್ಮ ಮರ ಅಲ್ವೇನೋ?" ಎಂದಳು ಅಜ್ಜಿ. ಹಾಗೆ ಕೇಳುತ್ತಿರುವಾಗಲೇ ಅವಳಿಗೆ ಅರ್ಥವಾಯಿತು.

ಅವಳು ಇಳಿದು ನಡೆದಳು. ನಾನೂ ಹಿಂದೆ ಹೋದೆ. ನನ್ನನ್ನು ಇವತ್ತಿಗೂ ಬೆಚ್ಚಿಬೀಳಿಸುವುದು ಏನು ಗೊತ್ತೇ? ಆ ಜಾಗ ಅಷ್ಟು ಚಿಕ್ಕದಾಗಿತ್ತು. ನಾನು ಓಡಿ ಓಡಿ ಸುಸ್ತಾಗುತ್ತಿದ್ದ ನಡುಮನೆ, ಕತ್ತಲಲ್ಲಿ ಹೋಗಲು ಹೆದರುತ್ತಿದ್ದ ಉಗ್ರಾಣ, ಇಡೀ ಊರು ಬಂದು ಕೂತರೂ ತುಂಬದ ಜಗಲಿ, ಎಲ್ಲವೂ ಸೇರಿ ಒಂದು ಒಕ್ಕಣೆಯ ಕಣದಷ್ಟು ನೆಲ. ಅಷ್ಟರೊಳಗೆ ನಾವೆಲ್ಲ ಹೇಗೆ ಹಿಡಿಸಿದ್ದೆವು? ಅಜ್ಜಿ ತಲಬಾಗಿಲು ಇದ್ದಿರಬಹುದಾದ ಕಡೆ ನಿಂತಳು. ಅದೂ ಅಂದಾಜೇ, ಗುರುತು ಉಳಿದಿರಲಿಲ್ಲ. ಚಿಕ್ಕಪ್ಪ ಹತ್ತಿರ ಬಂದು, "ಅವ್ವ, ನಿಂಗೂ ಪಿಳ್ಳಪ್ಪ ತಾತನಂಗೆ ಆಗ್ಬಿಟ್ರೆ ಅಂತ... ನಿನ್ನ ಕಣ್ಣಿಗೆ ಬೀಳೋದು ಬ್ಯಾಡ ಅಂತ..." ಎಂದ. ಅಜ್ಜಿ ಅವನ ಕಡೆ ತಿರುಗದೆಯೇ ಹೇಳಿದಳು: "ಮಣ್ಣು ಮಾಡೋಕ್ ಮುಂಚೆ ಹೆಣದ ಮುಖಾನಾದ್ರೂ ತೋರಿಸ್ತಾರೆ ಕಣೋ." ಅವಳು ಅವನಿಗೆ ಆಡಿದ ಕೊನೆಯ ಮಾತು ಅದಾಯಿತು, ಬಹಳ ಕಾಲದವರೆಗೆ.

ಬಾಡಿಗೆ ಮನೆಯಲ್ಲಿ ಸಿಮೆಂಟಿನ ನೆಲ, ಬಿಳಿ ಗೋಡೆ, ಯಾವ ಕೋಣೆಗೂ ಅದರದೇ ಆದ ವಾಸನೆಯಿಲ್ಲ. ಅಜ್ಜಿಗೆ ಮರೆವು ಬರಲಿಲ್ಲ, ಕಾಯಿಲೆಯೂ ಬರಲಿಲ್ಲ. ಚಿಕ್ಕಪ್ಪ ಹೆದರಿದ್ದು ಒಂದೂ ಆಗಲಿಲ್ಲ. ಅವನ ಜೊತೆ ಮಾತು ಮಾತ್ರ ನಿಂತಿತು. ಅವನಿಗೆ ಬಡಿಸುತ್ತಿದ್ದಳು, ಅವನು ಬರುವುದು ತಡವಾದರೆ ಬಾಗಿಲಲ್ಲಿ ಕಾಯುತ್ತಿದ್ದಳು. ಆದರೆ ಹೇಳುವುದೆಲ್ಲ ನನ್ನ ಮೂಲಕ. "ಪುಟ್ಟಿ, ಅವನಿಗೆ ಇನ್ನೊಂದು ಮುದ್ದೆ ಬೇಕಾ ಕೇಳು." ಅವನು ಎದುರಿಗೇ ಕೂತಿರುತ್ತಿದ್ದ. ಕೋಕೋ ಪುಡಿಯ ಡಬ್ಬಿಯನ್ನು ಅಮ್ಮ ಯಾರಿಗೋ ಕೊಟ್ಟುಬಿಟ್ಟಳು. ಕಾರಿನಲ್ಲಿ ನಾವು ಮತ್ತೆಲ್ಲಿಗೂ ಹೋಗಲಿಲ್ಲ.

ಮುಂದಿನ ಅವರೆಕಾಯಿ ಕಾಲ ಬಂತು. ಒಂದು ಮಧ್ಯಾಹ್ನ ಅಪ್ಪ, ಅಜ್ಜಿ, ನಾನು ಕೂತು ಕಾಯಿ ಸುಲಿಯುತ್ತಿದ್ದೆವು. ಅಜ್ಜಿ ಇದ್ದಕ್ಕಿದ್ದಂತೆ, "ನೀನು ನೋಡ್ದೆ ಅಲ್ವಾ? ಹೇಳು" ಎಂದಳು. ಯಾವುದು ಎಂದು ಅಪ್ಪ ಕೇಳಲಿಲ್ಲ. ಕೈಯಲ್ಲಿದ್ದ ಕಾಯಿ ಕೆಳಗಿಟ್ಟ.

"ಮೊದ್ಲು ಅಡುಗೆಮನೆ ಅವ್ವ. ಹಿತ್ತಲ ಕಡೆಯಿಂದ ಬಂದ್ರು. ಸೂರಲ್ಲಿದ್ದ ಮಸಿಯೆಲ್ಲ ಒಂದೇ ಸಲಕ್ಕೆ ಎದ್ದು, ಹಗಲು ಕತ್ತಲಾಗೋಯ್ತು."

"ದೀಪ?"

"ಹಚ್ಚಿದ್ದೆ. ಹೊಸಿಲಿಗೆ ಅರಿಶಿನ ಕುಂಕುಮ ಇಟ್ಟೆ. ನಂಗೆ ಬರೋ ಹಂಗೆ ಇಟ್ಟೆ."

ಅಜ್ಜಿ ತಲೆಯಾಡಿಸಿದಳು. ಅಷ್ಟರಲ್ಲಿ ಬಾಡಿಗೆ ಮುಗಿಸಿ ಬಂದ ಚಿಕ್ಕಪ್ಪ ಬಾಗಿಲಲ್ಲೇ ನಿಂತುಬಿಟ್ಟ. ಅಪ್ಪ ನಿಲ್ಲಿಸಲಿಲ್ಲ. ನಡುಮನೆಯ ತೊಲೆ ಎಷ್ಟು ಹೊಡೆದರೂ ಮುರಿಯಲಿಲ್ಲವಂತೆ. ಯಂತ್ರದವನು ಎಂಜಿನ್ ಆರಿಸಿ ಕೆಳಗಿಳಿದು, ಯಾವ ಮರ ಯಜಮಾನ್ರೇ ಇದು ಎಂದು ಕೇಳಿದನಂತೆ. "ಹೊನ್ನೆ" ಎಂದಳು ಅಜ್ಜಿ ಮೆಲ್ಲಗೆ. "ನಾನೂ ಅದೇ ಅಂದೆ" ಎಂದ ಅಪ್ಪ. "ಅವನು ಒಂದು ಗಳಿಗೆ ಸುಮ್ನೆ ನಿಂತಿದ್ದ. ಆಮೇಲೆ ಹತ್ತಿದ."

ಬಾಗಿಲಿನ ಕಡೆಯಿಂದ ಒಂದು ಸದ್ದು ಬಂತು. ಚಿಕ್ಕಪ್ಪ ಗೋಡೆಗೆ ಹಣೆ ಒತ್ತಿ ಅಳುತ್ತಿದ್ದ. ಅಷ್ಟು ದೊಡ್ಡ ಗಂಡಸು ಹಾಗೆ ಅಳುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅಜ್ಜಿ ಅವನನ್ನು ನೋಡಿದಳು. ನನ್ನ ಕಡೆ ತಿರುಗಲಿಲ್ಲ, ನನ್ನ ಮೂಲಕ ಹೇಳಲಿಲ್ಲ. ಮೊರವನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು.

"ಬಾ ಕೂತ್ಕೊ. ನೀನೂ ನೋಡ್ಲಿಲ್ಲ ಅಲ್ವಾ."

ಅಪ್ಪ ಮೊದಲಿನಿಂದ ಮತ್ತೆ ಹೇಳಿದ.

ಅಜ್ಜಿ ಹೋಗಿ ಬಹಳ ವರ್ಷಗಳಾದವು. ಚಿಕ್ಕಪ್ಪನೂ ಈಗ ಇಲ್ಲ. ಅವನು ಹೋದಾಗ ನಾನು ಯಾವುದೋ ದೂರದ ಊರಿನಲ್ಲಿದ್ದೆ. ಆ ಮನೆ ಬಿದ್ದದ್ದನ್ನು ಕಣ್ಣಾರೆ ಕಂಡವನು ಅಪ್ಪ ಒಬ್ಬನೇ, ಮತ್ತು ಅವನಿಗೆ ಈಚೆಗೆ ಒಂದೊಂದೇ ಮರೆಯುತ್ತಿದೆ. ಕೆಲವು ಸಂಜೆ ಮಾತು ಅಲ್ಲಿಗೇ ಹೋಗುತ್ತದೆ. ಅರ್ಧ ಹೇಳಿ ನಿಲ್ಲುತ್ತಾನೆ. ಅವನ ಕಣ್ಣಿನಲ್ಲಿ ಒಂದು ಗಾಬರಿ ಹಾದುಹೋಗುತ್ತದೆ. "ಪುಟ್ಟಿ, ಮೊದ್ಲು ಬಿದ್ದಿದ್ದು ನಡುಮನೇನಾ, ಅಡುಗೆಮನೇನಾ?" ಎಂದು ಕೇಳುತ್ತಾನೆ.

"ಅಡುಗೆಮನೆ ಅಪ್ಪ" ಎನ್ನುತ್ತೇನೆ ನಾನು, ಅಲ್ಲೇ ನಿಂತು ಕಂಡವಳ ಹಾಗೆ. "ಮೊದ್ಲು ಅಡುಗೆಮನೆ."