ಡೈರಿ ಕಂಪ್ಯೂಟರಿನ ಹಳೆಯ ಜಾವಾ

ಗೆಳೆಯರೇ, ಇವತ್ತು ಬೆಳಗ್ಗೆ ಸಂತೆಬಾಚಹಳ್ಳಿ ಕಡೆಯ ಹಾಲಿನ ಡೈರಿಯೊಂದರ ಕಂಪ್ಯೂಟರ್ ರಿಪೇರಿಗೆ ಹೋಗಿ ನನಗೆ ತಲೆ ಕೆಟ್ಟುಹೋಯಿತು. ಜನ ಹಾಲು ಹಿಡಿದು ಸಾಲಾಗಿ ನಿಂತಿದ್ದಾರೆ, ಹಾಲು ಪರೀಕ್ಷೆಯ ಸಾಫ್ಟ್‌ವೇರು ತೆರೆಯುತ್ತಲೇ ಇಲ್ಲ. ಅದು ಓಡುವುದು ಕಂಪ್ಯೂಟರಿನಲ್ಲಿ ಜಾವಾ ಎಂಬ ಪೂರಕ ಸಾಫ್ಟ್‌ವೇರಿನ ಹಳೆಯ ಆವೃತ್ತಿ ಇದ್ದರೆ ಮಾತ್ರ. ಇನ್ನೊಂದು ಸಾಫ್ಟ್‌ವೇರಿಗೆ ಹೊಸ ಜಾವಾ ಬೇಕು. ಅದಕ್ಕೇ ನಾನು ಎರಡನ್ನೂ ಬೇರೆ ಬೇರೆ ಫೋಲ್ಡರಿನಲ್ಲಿ ಹಾಕಿಕೊಟ್ಟಿದ್ದೆ. ನೋಡಿದರೆ ಹಳೆಯದು ಮಾಯ!

“ನಾನೇ ತೆಗ್ದಾಕ್ದೆ ಕಣವ್ವಾ,” ಅಂದರು ಡೈರಿ ಕಾರ್ಯದರ್ಶಿ ಶಿವಣ್ಣ. “ಒಸಾದು ಬಂದ್ಮೇಲೆ ಅಳೇದ್ಯಾಕೆ? ನಿನ್ನೆ ಆಲು ಇವತ್ತಿನ ಆಲ್ಗೆ ಸೇರ್ಕಂಡ್ರೆ ಎಲ್ಲಾ ಒಡ್ದೋಯ್ತದೆ.”

“ಅಣ್ಣಾ, ಅದು ಹಾಲಲ್ಲ! ಎರಡೂ ಬೇರೆ ಬೇರೆ ಕಡೆ ಇರ್ತವೆ, ಒಂದಕ್ಕೊಂದು ಸೇರಲ್ಲ. ಎಷ್ಟು ಸಲ ಹೇಳ್ಲಿ?”

“ಆಯ್ತು, ರೇಗ್ಬ್ಯಾಡ” ಎನ್ನುತ್ತಾ ಅವರು ಬೀರುವಿನ ಮೇಲಿಂದ ಧೂಳು ಹಿಡಿದ ಡಬ್ಬವೊಂದನ್ನು ಇಳಿಸಿದರು. ಒಳಗೆ ಹಾಲಿನ ಗಟ್ಟಿತನ ಅಳೆಯುವ ಹಳೇ ಕಾಲದ ಗಾಜಿನ ಕೊಳವೆ, ಲ್ಯಾಕ್ಟೋಮೀಟರು. ಅದನ್ನು ಟವೆಲ್ಲಿನಲ್ಲಿ ಒರೆಸಿ ಹಾಲಿಗೆ ಇಳಿಸುತ್ತಾ ನನಗೇ ಬುದ್ಧಿ ಹೇಳಿದರು: “ನೋಡವ್ವಾ, ಒಸಾ ಮಿಸನ್ನು ಬಂತು ಅಂತ ಅಳೇದ್ನ ಎಸ್ದ್‌ಬುಡಬಾರ್ದು. ಯಾವಾಗ ಬೇಕಾಯ್ತದೋ!”

ನಾನು ಹಳೆಯ ಜಾವಾವನ್ನು ಮತ್ತೆ ಹಾಕಿ, ಅದರ ಫೋಲ್ಡರಿಗೆ ‘ಲ್ಯಾಕ್ಟೋಮೀಟರು’ ಎಂದೇ ಹೆಸರಿಟ್ಟು ಬಂದಿದ್ದೇನೆ. ಈಗ ಮುಟ್ಟಲಿ, ನೋಡೋಣ.