ನೀರಿನ ಟ್ಯಾಂಕಿಲ್ಲದ ದಿಕ್ಕು

ನನಗೆ ಅರವತ್ತಾರು ವರ್ಷ. ನನ್ನ ಅಕ್ಕನಿಗೆ ಇಪ್ಪತ್ತಮೂರು. ಹೀಗೆಂದರೆ ಜನ ನನ್ನ ಮುಖವನ್ನು ಕನಿಕರದಿಂದ ನೋಡುತ್ತಾರೆ. ಆದರೆ ಕುಂಗ್‌ಫು ತರಗತಿಯಲ್ಲಿ ಹಿರಿತನವನ್ನು ಹುಟ್ಟಿದ ದಿನದಿಂದ ಅಳೆಯುವುದಿಲ್ಲ, ಸೇರಿದ ದಿನದಿಂದ ಅಳೆಯುತ್ತಾರೆ. ಚೀನಾದಿಂದ ಬಂದ ಪದ್ಧತಿ ಇದು. ಭಾರತಿ ನನಗಿಂತ ನಾಲ್ಕು ತಿಂಗಳು ಮೊದಲು ಸೇರಿದವಳು. ಆದ್ದರಿಂದ ದಿನಾ ಬೆಳಗ್ಗೆ ನಾನೇ ಮೊದಲು ಬಲಗೈ ಮುಷ್ಟಿಗೆ ಎಡ ಅಂಗೈ ಒತ್ತಿ ಅವಳಿಗೆ ವಂದಿಸಬೇಕು. ಅವಳು ಗಂಭೀರವಾಗಿ, "ಬಾಪ್ಪ ತಮ್ಮಾ" ಎನ್ನುತ್ತಾಳೆ. ತರಗತಿ ಮುಗಿದು ಗೇಟು ದಾಟಿದ ಕೂಡಲೇ ಅದೇ ಬಾಯಿ, "ತಾತ, ಮೆಲ್ಲಗೆ, ಮೆಟ್ಲಿದೆ" ಎನ್ನುತ್ತದೆ.

ನಾನು ಬಸ್ ನಿಲ್ದಾಣಗಳಲ್ಲಿ ಸಂಚಾರ ನಿಯಂತ್ರಕನಾಗಿದ್ದವನು. ಕೊನೆಯ ಹನ್ನೊಂದು ವರ್ಷ ಚಿಂತಾಮಣಿಯಲ್ಲಿ. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕೆಂದು ಸೀಟಿ ಊದುವುದೇ ಕೆಲಸ. ನಿವೃತ್ತಿಯ ಮರುದಿನವೂ ಐದಕ್ಕೆ ಎಚ್ಚರವಾಯಿತು, ಹೋಗಲು ಜಾಗವಿರಲಿಲ್ಲ. ಚಿಕ್ಕಬಳ್ಳಾಪುರದ ನಮ್ಮ ಬೀದಿಯಲ್ಲಿ ಹೇಳಿದ ಹೊತ್ತಿಗೆ ಸರಿಯಾಗಿ ಶುರುವಾಗುವುದು ಒಂದೇ ಇತ್ತು: ಶಾಲೆಯ ಮೈದಾನದಲ್ಲಿ ಐದೂವರೆಯ ಕುಂಗ್‌ಫು. ಆ ಒಂದೇ ಗುಣಕ್ಕೆ ಸೋತು ಸೇರಿದೆ. ಈ ವಿದ್ಯೆಯನ್ನು ದಕ್ಷಿಣ ಭಾರತದ ಸನ್ಯಾಸಿಯೊಬ್ಬ ಚೀನಾಕ್ಕೆ ಒಯ್ದನೆಂಬ ಕಥೆಯಿದೆ. ಇತಿಹಾಸಕಾರರು ನಂಬುವುದಿಲ್ಲ. ಮಂಡಿ ನೋಯದ ದಿನಗಳಲ್ಲಿ ನಾನು ನಂಬುತ್ತೇನೆ.

ಹಳದಿ, ಹಸಿರು, ಕಂದು ಸೊಂಟಪಟ್ಟಿಗಳು ಬೇಗ ಬೇಗ ಬಂದವು. ನಾಲ್ಕನೆಯ ವರ್ಷ ಕಪ್ಪು ಪಟ್ಟಿಯೂ ಬಂತು. ಅಲ್ಲಿಗೆ ಮುಗಿಯಿತೆಂದುಕೊಂಡೆ. ನಿಜವಾದ ಏಣಿ ಶುರುವಾಗುವುದೇ ಅಲ್ಲಿಂದ. ಬಣ್ಣ ಬದಲಾಗುವುದಿಲ್ಲ, ಪಟ್ಟಿಯ ತುದಿಯಲ್ಲಿ ಒಂದೊಂದೇ ಚಿನ್ನದ ಬಣ್ಣದ ಗೆರೆ ಹೊಲಿಯುತ್ತಾರೆ. ನನಗೆ ಒಂದು ಗೆರೆ ಬಂದಿತ್ತು. ಎರಡು ಇದ್ದವರು ಮಾತ್ರ ಕಲಿಸಬಹುದು. ನಮ್ಮ ಬೀದಿಯಲ್ಲಿ ಅರವತ್ತು ದಾಟಿದ ಎಂಟು ಜನ, "ನೀವು ಹೇಳ್ಕೊಡೋದಾದ್ರೆ ನಾವೂ ಬರ್ತೀವಿ" ಎಂದು ಹೆಸರು ಕೊಟ್ಟಿದ್ದರು. ನಮ್ಮ ಮಾಸ್ಟರ್ ಒಂದೇ ಮಾತು ಹೇಳಿದರು: "ಎರಡನೇ ಗೆರೆ ತಗೊಂಬನ್ನಿ, ಆ ಕ್ಲಾಸು ನಿಮ್ದು." ಮತ್ತೆ ಸೀಟಿ ಊದುವ ಆಸೆ ಎಷ್ಟಿತ್ತೆಂದು ಬರೆಯಲು ಈಗಲೂ ನಾಚಿಕೆ.

ಎರಡನೇ ಗೆರೆಗೆ ನೂರೆಂಟು ಭಂಗಿಗಳ ಉದ್ದನೆಯ ವರಸೆಯೊಂದನ್ನು ತಪ್ಪಿಲ್ಲದೆ ಮಾಡಬೇಕು. ದಿನಾ ಮಧ್ಯಾಹ್ನ ನಾಲ್ಕಕ್ಕೆ ತಾರಸಿಯ ಮೇಲೆ, ಪೂರ್ವಕ್ಕೆ ಮುಖ ಮಾಡಿ ಅಭ್ಯಾಸ. ನನ್ನ ಕ್ರಮ ಕ್ರಮವೇ. ಕೊಕ್ಕರೆ ರೆಕ್ಕೆ ಬಿಚ್ಚುವ ಭಂಗಿ ನೀರಿನ ಟ್ಯಾಂಕಿನ ಕಡೆ, ಏಟು ತಡೆಯುವುದು ಪಕ್ಕದ ಮನೆಯ ಡಿಶ್ಶಿನ ಕಡೆ, ಒದೆಯುವುದು ತುಳಸಿಯ ಕುಂಡದ ಕಡೆ.

"ರೀ, ತುಳಸಿ ಕಡೆ ಕಾಲೆತ್ತಬೇಡಿ ಅಂದ್ರೆ!" ಎಂದು ನನ್ನ ಹೆಂಡತಿ ಸರೋಜ ರೇಗಿದಳು.

ಒದೆತವನ್ನು ಬದಲಿಸಲಾಗದು. ಕುಂಡದ ಜಾಗವನ್ನೇ ಬದಲಿಸಿ, ಅಲ್ಲಿ ಹಳೇ ಬಕೆಟ್ಟು ಇಟ್ಟೆ.

ಹಿರಿಯ ಹಂತದ ಪರೀಕ್ಷೆ ಗೌರಿಬಿದನೂರಿನ ಕಲ್ಯಾಣಮಂಟಪವೊಂದರಲ್ಲಿ ನಡೆಯಿತು. ಬೆಂಗಳೂರಿನಿಂದ ಬಂದ ಪರೀಕ್ಷಕರು, "ಸಾರ್, ಬಾಗಿಲಿಗೆ ಬೆನ್ನು ಮಾಡಿ ನಿಂತ್ಕೊಳಿ" ಎಂದರು. ನಿಂತೆ. ಇಪ್ಪತ್ತೆಂಟು ಭಂಗಿ ಸಲೀಸಾಗಿ ಹೋದವು. ಇಪ್ಪತ್ತೊಂಬತ್ತಕ್ಕೆ ಕೊಕ್ಕರೆ ರೆಕ್ಕೆ ಬಿಚ್ಚಬೇಕು. ಕಣ್ಣು ಟ್ಯಾಂಕನ್ನು ಹುಡುಕಿತು. ಟ್ಯಾಂಕಿಲ್ಲ. ಬಕೆಟ್ಟೂ ಇಲ್ಲ. ಅಂದಾಜಿನ ಮೇಲೆ ತಿರುಗಿ, ಒದ್ದು, ಮತ್ತೆ ತಿರುಗಿ, ಕೊನೆಯ ವಂದನೆ ಮಾಡಿದಾಗ ನನ್ನೆದುರು ಪರೀಕ್ಷಕರಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಕೊಳದಪ್ಪಲೆ ಹಿಡಿದ ಅಡುಗೆಭಟ್ಟರಿದ್ದರು. ಅವರೂ ಪಾತ್ರೆ ಕೆಳಗಿಟ್ಟು ನನಗೆ ಕೈ ಮುಗಿದರು. ಆ ದಿನ ನನಗೆ ಸಿಕ್ಕ ಮರ್ಯಾದೆ ಅಷ್ಟೇ.

ಮರುದಿನ ಭಾರತಿ ನಡೆದದ್ದನ್ನು ಕೇಳಿ ನಗಲಿಲ್ಲ. ಅವಳು ಅಪ್ಪನ ಹೂವಿನ ಮಂಡಿ ನೋಡಿಕೊಳ್ಳುವವಳು, ಹರಾಜು ಕೂಗಿ ಪಳಗಿದ ಗಂಟಲು. "ತಮ್ಮಾ, ನೀನು ವರಸೆ ಕಲ್ತಿಲ್ಲ, ತಾರಸಿ ಕಲ್ತಿದೀಯ. ಇನ್ಮೇಲೆ ದಿನಕ್ಕೊಂದು ಜಾಗ, ದಿನಕ್ಕೊಂದು ಟೈಮು" ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿದಳು.

ನಾನು ಮನೆಗೆ ಹೋಗಿ ಸೋಮವಾರದಿಂದ ಶನಿವಾರದವರೆಗೆ ಊರು, ಜಾಗ, ಗಂಟೆ, ನಿಮಿಷ ಎಲ್ಲ ಗೆರೆ ಹಾಕಿ ಬರೆದು ತಂದು ತೋರಿಸಿದೆ. ಅವಳು ಅದನ್ನು ನಾಲ್ಕಾಗಿ ಹರಿದಳು. "ಅಯ್ಯೋ ದೇವುಡಾ! ಟೈಮ್‌ಟೇಬಲ್ ಹಾಕ್ಕೊಂಡು ಟೈಮ್‌ಟೇಬಲ್ ಬಿಡಕ್ಕಾಗುತ್ತಾ ತಾತ?" ಸಿಟ್ಟಿನಲ್ಲಿ ಅವಳಿಗೆ ತರಗತಿಯ ಒಳಗಿದ್ದೇವೆಂಬುದೂ ಮರೆತುಹೋಗಿತ್ತು.

ಅಂದಿನಿಂದ ಅವಳ ಫೋನು ಯಾವಾಗ ಬರುತ್ತದೋ ಆಗ, ಅವಳು ಹೇಳಿದ ಜಾಗಕ್ಕೆ ನಾನು ಹೊರಡಬೇಕು. ಒಮ್ಮೆ ಊಟದ ತಟ್ಟೆಯಿಂದ ಎದ್ದು ಶಿಡ್ಲಘಟ್ಟಕ್ಕೆ ಹೋದೆ. ಹರಾಜು ಮುಗಿದು ಖಾಲಿಯಾಗಿದ್ದ ರೇಷ್ಮೆಗೂಡಿನ ಮಾರುಕಟ್ಟೆಯ ಅಂಗಳದಲ್ಲಿ ದಕ್ಷಿಣಕ್ಕೆ ಮುಖ ಮಾಡಿ ಶುರು ಮಾಡಿದೆ. ಮೂರು ಸಲ ದಾರಿ ತಪ್ಪಿದೆ. ಇನ್ನೊಮ್ಮೆ ಚಿಂತಾಮಣಿ ನಿಲ್ದಾಣದ ಹಿಂದೆ, ನನ್ನದೇ ಹಳೆಯ ರಾಜ್ಯದಲ್ಲಿ. ಜೊತೆಗೆ ಕೆಲಸ ಮಾಡಿದ್ದ ಕಂಡಕ್ಟರ್ ರಹಮತ್ ಓಡಿ ಬಂದ. "ಏನ್ ಸಾರ್, ಬಸ್ಸೇ ಇಲ್ಲ, ಯಾವುದಕ್ಕೆ ಅಡ್ಡ ಹಾಕ್ತಿದೀರ?" ಎಂದ. ಅವನಿಗೆ ಉತ್ತರ ಕೊಡುತ್ತಲೇ ಕೈಕಾಲು ಮುಂದಿನ ಭಂಗಿಗೆ ಹೋಗಿದ್ದವು. ಆಗಲೇ ಗೊತ್ತಾಯಿತು, ದಿಕ್ಕು ಈಗ ಹೊರಗಿಲ್ಲ. ಎಡವೆಂದರೆ ನನ್ನ ಎಡ. ಇಷ್ಟು ಸಣ್ಣ ವಿಷಯ ತಿಳಿಯಲು ಮೂರು ತಿಂಗಳ ಬಸ್ ಪ್ರಯಾಣ ಬೇಕಾಯಿತು.

ಎರಡನೇ ಸಲ ಅದೇ ಮಂಟಪ, ಅದೇ ಪರೀಕ್ಷಕರು. ಈ ಸಲ ಗೋಡೆಯ ಮೂಲೆಗೆ ಮುಖ ಮಾಡಿಸಿದರು. ಅರ್ಧದಲ್ಲಿ "ನಿಲ್ಲಿ" ಎಂದು, ನನ್ನನ್ನು ಕಾಲು ಸುತ್ತು ತಿರುಗಿಸಿ, "ಹೂಂ, ಮುಂದುವರಿಸಿ" ಎಂದರು. ಮುಂದುವರಿಸಿದೆ. ಕೊಕ್ಕರೆ ತನಗೆ ಬೇಕಾದ ಕಡೆ ರೆಕ್ಕೆ ಬಿಚ್ಚಿತು. ಒದೆತ ಎದೆಯೆತ್ತರಕ್ಕೆ ಹೋಯಿತು. ನೂರೆಂಟನೆಯದು ಮುಗಿದಾಗ ಉಸಿರು ಏರಿತ್ತು, ಅಂಗೈ ಮುಷ್ಟಿಯ ಮೇಲಿತ್ತು, ಪರೀಕ್ಷಕರು ಎದ್ದು ನಿಂತಿದ್ದರು. "ಎರಡನೇ ಗೆರೆ ಹೊಲಿಸ್ಕೊಳಿ ಸಾರ್" ಎಂದರು. ಹಿಂದಿನ ಸಾಲಿನಿಂದ ಹರಾಜಿನ ದನಿಯಲ್ಲಿ ಕೂಗು ಬಂತು: "ನಮ್ ತಮ್ಮ ಕಣ್ರೀ ಅವ್ನು!" ಮಂಟಪವೆಲ್ಲ ನಕ್ಕಿತು. ನಾನು ನಗಲಿಲ್ಲ, ನಕ್ಕಿದ್ದರೆ ಅತ್ತುಬಿಡುತ್ತಿದ್ದೆ.

ಗೆರೆಯನ್ನು ಸರೋಜಳೇ ಹೊಲಿದಳು, ಕೊಂಚ ಸೊಟ್ಟಗೆ. ಬಿಚ್ಚಿಸಲಿಲ್ಲ.

ಹೋದ ಸೋಮವಾರ ಎಂಟೂ ಜನ ಬಂದರು. ಮಂಕಿಟೋಪಿ ಹಾಕಿದ ನಿವೃತ್ತ ಮೇಷ್ಟ್ರೊಬ್ಬರು, "ಯಾವ ಕಡೆ ಮುಖ ಮಾಡ್ಬೇಕು ಸಾರ್?" ಎಂದು ಕೇಳಿದರು. ಪೂರ್ವ ಎನ್ನುವುದು ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡು, "ನಿಮ್ಗೆ ಇಷ್ಟ ಬಂದ ಕಡೆ" ಎಂದೆ. ಎಂಟು ಜನ ಐದು ದಿಕ್ಕಿಗೆ ನಿಂತರು. ನನ್ನ ಆಯುಷ್ಯದಲ್ಲಿ ಅಷ್ಟು ವಕ್ರವಾದ ಸಾಲನ್ನು ನಾನು ಕಂಡಿರಲಿಲ್ಲ, ಅಷ್ಟು ಚೆಂದದ್ದನ್ನೂ.

"ಶುರು" ಎಂದೆ.