ಬಾಗಿಲು ಕುಯ್ಯುವ ಬು ಸುಮಿರಾ

ತಂಬಾಕ್‌ವಾರು ಕೇರಿಯಲ್ಲಿ ಎತ್ತರಕ್ಕೂ ಒಂದು ದರವಿದೆ. ಸೆಂಟಿಮೀಟರಿಗೆ ಒಂದು ಲಕ್ಷ ರೂಪಿಯಾ. ಒಂದು ಸಣ್ಣ ಲಾರಿ ಗಟ್ಟಿಮಣ್ಣಿಗೆ ಐದೂವರೆ ಲಕ್ಷ. ಲಾರಿ ಓಣಿಯೊಳಗೆ ಹಿಡಿಸುವುದಿಲ್ಲ, ಹಾಗಾಗಿ ದೊಡ್ಡ ರಸ್ತೆಯಿಂದ ಕೈಗಾಡಿಯಲ್ಲಿ ತಳ್ಳಿ ತರುವವರಿಗೆ ಇನ್ನೆರಡೂವರೆ ಲಕ್ಷ. ಇಷ್ಟು ಮಣ್ಣನ್ನು ನಾಲ್ಕು ಮೀಟರ್ ಅಗಲ, ಒಂಬತ್ತು ಮೀಟರ್ ಉದ್ದದ ಮನೆಯೊಳಗೆ ಹರವಿ, ಬಡಿದು ಗಟ್ಟಿ ಮಾಡಿದರೆ ನೆಲ ಎಂಟು ಸೆಂಟಿಮೀಟರ್ ಏರುತ್ತದೆ. ಇಲ್ಲಿ ಒಂದು ದಿನದ ಕೂಲಿ ಒಂದು ಲಕ್ಷದ ಮೂವತ್ತು ಸಾವಿರ. ಬೆಳಗಿಂದ ಸಂಜೆವರೆಗೆ ದುಡಿದವನು ತನ್ನ ಮನೆಯನ್ನು ಒಂದು ಹೆಬ್ಬೆರಳಿನ ಅಗಲಕ್ಕಿಂತ ಹೆಚ್ಚು ಎತ್ತಲಾರ.

ಬೆಳಗಿನ ಐದೂಕಾಲು. ಮಸೀದಿಯಿಂದ ಬಂದ ಗಂಡಸರು ಇನ್ನೂ ಚಹಾಕ್ಕೆ ಕೂತಿಲ್ಲ. ಪಾ ಕಸ್ನಾವಿಯವರ ಮನೆಯ ಮುಂದೆ ಎರಡು ಸ್ಟೂಲುಗಳ ಮೇಲೆ ಒಂದು ಕದ ಅಡ್ಡ ಮಲಗಿದೆ. ಅದರ ಜೋಡಿ ಕದ ಗೋಡೆಗೆ ಒರಗಿದೆ. ಐವತ್ನಾಲ್ಕು ವರ್ಷದ ಸುಮಿರಾ ಮೊಣಕಾಲಿಗೆ ಹಳೆ ಸರೋಂಗ್ ಲುಂಗಿಯ ತುಂಡು ಕಟ್ಟಿಕೊಂಡು, ಕದದ ಬುಡದಿಂದ ನಲವತ್ತು ಸೆಂಟಿಮೀಟರ್ ಮೇಲೆ ಎಳೆದಿರುವ ಪೆನ್ಸಿಲ್ ಗೆರೆಯ ಮೇಲೆ ಗರಗಸ ಇಡುತ್ತಾರೆ. ಹತ್ತು ಗಂಟೆಯ ಮೇಲೆ ಓಣಿಗೆ ಕಡಲ ನೀರು ಬರುತ್ತದೆ, ಆಮೇಲೆ ಸ್ಟೂಲು ನಿಲ್ಲಿಸಲು ಒಣ ಜಾಗವಿರುವುದಿಲ್ಲ. ಅವರ ಕುಯ್ಯುವ ಕೆಲಸವೆಲ್ಲ ಮುಂಜಾನೆಯದೇ.

ಮನೆಯೊಡತಿ ತರ್ವಿಯಾ ಬಾಗಿಲಿಲ್ಲದ ಬಾಗಿಲಲ್ಲಿ ನಿಂತು ನೋಡುತ್ತಿದ್ದಾರೆ. ಮಗಳ ಮದುವೆಗೆ ಇನ್ನು ಮೂರೇ ದಿನ.

"ಅಕ್ಕಾ, ಒಂದೈದು ಸೆಂಟಿಮೀಟರ್ ಕಮ್ಮಿ ಕುಯ್ದ್ರೆ ಆಗಲ್ವಾ? ಬೀಗರು ತುಂಬಾ ಉದ್ದ ಇದಾರೆ."

"ಕಮ್ಮಿ ಕುಯ್ದ್ರೆ ಬಾಗಿಲು ನೆಲಕ್ಕೆ ಕಚ್ಕೊಳ್ಳುತ್ತೆ ತಂಗೀ. ಬೀಗರನ್ನ ಒಳಗೆ ಕರ್ಕೊಂಡು ಬಾಗಿಲು ಹಾಕೋಕಾಗ್ದೇ ನಿಂತ್ಕೋತೀಯ" ಎನ್ನುತ್ತಾರೆ ಸುಮಿರಾ. ಗರಗಸ ನಿಲ್ಲುವುದಿಲ್ಲ.

ಕೇರಿಯವರಿಗೆ ಅವರು ಬು ಸುಮಿರಾ, ಅಂದರೆ ಸುಮಿರಮ್ಮ. ಗಂಡಸರ ಹೆಸರಿಗೆ ಪಾ ಸೇರುತ್ತದೆ, ನಮ್ಮಲ್ಲಿ ಅಪ್ಪ ಸೇರುವ ಹಾಗೆ. ಸೆಮರಾಂಗ್ ಬಂದರಿನ ಹಿಂದಿರುವ ಈ ಕೇರಿಯ ನೆಲ ವರ್ಷಕ್ಕೆ ನಾಲ್ಕು ಬೆರಳು ಕುಸಿಯುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸು ಕಡಲು ಓಣಿಗೆ ನುಗ್ಗಿ, ಮನೆಯೊಳಗೆ ಬಂದು, ಒಂದೆರಡು ತಾಸು ಕೂತು ಹೋಗುತ್ತದೆ. ಹಾಗಾಗಿ ಐದಾರು ವರ್ಷಕ್ಕೊಮ್ಮೆ ಜನ ಮನೆಯೊಳಗೆ ಮಣ್ಣು ತುಂಬಿಸಿ ನೆಲ ಏರಿಸುತ್ತಾರೆ. ಇದಕ್ಕೆ ಉರುಗ್ ಎಂದು ಹೆಸರು. ಮನೆಯ ವಯಸ್ಸು ಕೇಳಿದರೆ ಯಾರೂ ವರ್ಷ ಹೇಳುವುದಿಲ್ಲ. "ನಮ್ದು ಮೂರು ಉರುಗ್ ಮನೆ" ಎನ್ನುತ್ತಾರೆ. ನೆಲವೇನೋ ಏರುತ್ತದೆ, ಚಾವಣಿ ಇದ್ದಲ್ಲೇ ಇರುತ್ತದೆ. ಚಾವಣಿ ಎತ್ತಿಸಲು ಮೂರೂವರೆ ಕೋಟಿ ರೂಪಿಯಾ ಬೇಕು. ಅಷ್ಟಿದ್ದವರು ಈ ಕೇರಿ ಬಿಟ್ಟು ಹೋಗಿ ಬಹಳ ಕಾಲವಾಯಿತು. ಉಳಿದವರಿಗೆ ಬಾಗಿಲು ಕುಯ್ಯುವವರು ಬೇಕು.

ಸುಮಿರಾ ಹದಿನೆಂಟು ವರ್ಷದವರಿದ್ದಾಗಿನಿಂದ ಪ್ಲೈವುಡ್ ಕಾರ್ಖಾನೆಯೊಂದರಲ್ಲಿ ಹಲಗೆ ಉಜ್ಜುತ್ತಿದ್ದರು. ತೊಂಬತ್ತೆಂಟರಲ್ಲಿ ಕಾರ್ಖಾನೆ ಮುಚ್ಚಿತು. ಅದೇ ವರ್ಷ ಅವರ ಮನೆಗೆ ಮೊದಲ ಉರುಗ್ ಆಯಿತು. ಬಡಗಿ ಬಾಗಿಲಿಗೆ ಕೇಳಿದ ಕೂಲಿ ಕೊಡಲು ಕೈಯಲ್ಲಿ ದುಡ್ಡಿರಲಿಲ್ಲ. ಪಕ್ಕದ ಮನೆಯಿಂದ ಗರಗಸ ಎರವಲು ತಂದು ತಾವೇ ಕುಯ್ದರು. "ಸೊಟ್ಟಗೆ ಹೋಯ್ತು. ಒಂದು ಕಡೆ ಎರಡು ಬೆರಳು ಸಂದು. ಆ ಸಂದಿಯಲ್ಲಿ ಏಡಿ ಬರೋದು, ನಮ್ಮೆಜಮಾನ್ರು ಅದನ್ನೇ ಹಿಡಿದು ಸಾರಿಗೆ ಕೊಡೋರು" ಎಂದು ನಗುತ್ತಾರೆ. ಯಜಮಾನರು ಮುಲ್ಯೋನೊ. ಬಲೆ ಹೆಣೆಯುವವರು. ಈಗಲೂ ದಿನಾ ಬೆಳಗ್ಗೆ ಹೆಂಡತಿಯ ಸಾಮಾನಿನ ಚೀಲವನ್ನು ಬೈಕಿನಲ್ಲಿ ತಂದಿಳಿಸಿ ಹೋಗುತ್ತಾರೆ.

ಚೀಲದಲ್ಲಿರುವುದು ಎರಡು ಗರಗಸ, ಒಂದು ಉಜ್ಜುಗೊರಡು, ಉಳಿ, ಸುತ್ತಿಗೆ, ಮಟ್ಟ ನೋಡುವ ನೀರಿನ ಕೊಳವೆ. ದಿನಕ್ಕೆ ಒಂದು ಜೋಡಿ ಕದ, ಇಲ್ಲವೇ ಮೂರು ಕಿಟಕಿ. ಬಾಗಿಲಿಗೆ ಒಂದೂವರೆ ಲಕ್ಷ ಕೂಲಿ. ಇಪ್ಪತ್ತಾರು ವರ್ಷದಲ್ಲಿ ಎಷ್ಟು ಬಾಗಿಲಾಯಿತೆಂದು ಅವರು ಎಣಿಸಿಲ್ಲ. ಅರವತ್ತು ಮನೆಗಳ ಈ ಓಣಿಯಲ್ಲಿ ಅವರ ಕೈ ತಾಗದ ಬಾಗಿಲು ಒಂದೇ, ಮಸೀದಿಯದು. ಅದು ಕಬ್ಬಿಣದ್ದು.

ಅವರಿಗೊಂದು ರೀತಿಯಿದೆ. ಕುಯ್ದ ತುಂಡನ್ನು ಒಲೆಗೆ ಹಾಕಲು ಬಿಡುವುದಿಲ್ಲ, ತಾವೂ ಒಯ್ಯುವುದಿಲ್ಲ. ಅದನ್ನು ಉಜ್ಜಿ, ಜೋಡಿಸಿ, ಆ ಮನೆಗೇ ಏನಾದರೂ ಮಾಡಿಕೊಡುತ್ತಾರೆ. ಮಣೆ, ಚಪ್ಪಲಿ ಗೂಡು, ಒಂದಡಿ ಎತ್ತರದ ಮೇಜು. ಎತ್ತರದ ಕುರ್ಚಿ ಮಾತ್ರ ಮಾಡುವುದಿಲ್ಲ. ತಗ್ಗು ಚಾವಣಿಯ ಕೆಳಗೆ ಕುರ್ಚಿಯಿಂದ ಎದ್ದವನ ತಲೆ ತೊಲೆಗೆ ಬಡಿಯುತ್ತದೆ, ನೆಲದಲ್ಲಿ ಕೂತವನಿಗೆ ಅದೇ ಮನೆ ಅರಮನೆಯಷ್ಟು ಎತ್ತರ. ಈ ಓಣಿಯಲ್ಲಿ ಬಹಳ ಜನ ತಂತಮ್ಮ ಬಾಗಿಲಿನ ಮೇಲೆ ಕೂತು ಊಟ ಮಾಡುತ್ತಾರೆ.

ಕಸ್ನಾವಿ ಏಡಿ ಹಿಡಿಯುವವರು. ಮೂರು ವರ್ಷ ಕೂಡಿಟ್ಟ ಎಪ್ಪತ್ತು ಲಕ್ಷ ರೂಪಿಯಾ ಮನೆ ರಿಪೇರಿಗೆಂದು ಇತ್ತು. ಮಗಳು ಇಸ್ತಿಗೆ ಬೆಟ್ಟದ ಮೇಲಿನ ಸಲತಿಗಾದಲ್ಲಿ ಗಂಡು ಗೊತ್ತಾಯಿತು. ಬೀಗರು ಹಿರಿಯರನ್ನು ಕೂರಿಸಿ, ಇಬ್ಬರೂ ಹುಟ್ಟಿದ ವಾರಗಳನ್ನು ಕೂಡಿ ಕಳೆದು, ದಿನ ಇಟ್ಟರು. ಬಹಳ ಒಳ್ಳೆಯ ದಿನ. ಬೆಟ್ಟದವರು ವಾರ ನೋಡಿದರು, ಚಂದ್ರನನ್ನು ನೋಡಲಿಲ್ಲ. ದಿನ ಬಿದ್ದದ್ದು ಮೇ ತಿಂಗಳ ಹುಣ್ಣಿಮೆಗೆ, ವರ್ಷದಲ್ಲೇ ನೀರು ಅತಿ ಮೇಲೆ ಬರುವ ವಾರಕ್ಕೆ. ಹಿರಿಯರು ಇಟ್ಟ ದಿನ ತಿರುಗಿಸುವುದಿಲ್ಲ. ಮದುವೆಯನ್ನು ಬೇರೆ ಕಡೆ ಇಟ್ಟುಕೊಳ್ಳಿ ಎಂದು ನಂಟರು ಹೇಳಿ ನೋಡಿದರು. ಕಸ್ನಾವಿ ಒಪ್ಪಲಿಲ್ಲ. ಮಗಳು ಹುಟ್ಟಿದ ಮನೆಯಲ್ಲೇ, ಅಳಿಯನ ಕೈ ಹಿಡಿದು ತಾನೇ ಒಪ್ಪಿಸಿಕೊಡಬೇಕು, ಕಾಲು ಒಣಗಿರಬೇಕು. ಅವರಿಗೆ ಬೇಕಿದ್ದುದು ಅಷ್ಟೇ.

ಸುಮಿರಾ ಬಂದು ಗೋಡೆಯ ಮೇಲಿನ ಹೋದ ವರ್ಷದ ನೀರಿನ ಕಲೆ ನೋಡಿದರು, ಈ ವರ್ಷದ ಕುಸಿತ ಕೂಡಿದರು. ಐದು ಲಾರಿ ಮಣ್ಣು ಬೇಕು, ನೆಲ ನಲವತ್ತು ಸೆಂಟಿಮೀಟರ್ ಏರಬೇಕು ಎಂದರು. ನಲವತ್ತು ಲಕ್ಷ. ಮಿಕ್ಕದ್ದರಲ್ಲಿ ನೆಲಕ್ಕೆ ಸಿಮೆಂಟು, ಗೋಡೆಗೆ ಸುಣ್ಣ, ಬಾಗಿಲು ಕಿಟಕಿ, ಹೊಸ ಚಾಪೆ. ಲೆಕ್ಕ ಸರಿಯಾಗಿ ಕೂತಿತ್ತು.

ಅಷ್ಟರಲ್ಲಿ ತರ್ವಿಯಾ ಮಂಚದ ಕೆಳಗಿನ ಅಕ್ಕಿ ಚೀಲ ಸರಿಸಿ, ಹದಿಮೂರು ಪೆಟ್ಟಿಗೆ ತೋರಿಸಿದರು. ಬಿಳಿ ಟೈಲ್ಸು. ಯಾರಿಗೂ ಹೇಳದೆ ಹಿಂದಿನ ವಾರವೇ ಕೊಂಡಿದ್ದರು. ಎಂಟು ಲಕ್ಷ. ಅಂಗಡಿಯವನು ವಾಪಸು ತೆಗೆದುಕೊಳ್ಳುವುದಿಲ್ಲ.

"ಬಿಳಿ ನೆಲದ ಮೇಲೆ ನನ್ ಮಗಳು ಕೂತ್ಕೋಬೇಕು ಅಂತ ಆಸೆ ಇತ್ತು ಅಕ್ಕಾ" ಎಂದರು.

ಇದು ಈ ಕೇರಿಯವರೆಲ್ಲ ಒಂದಲ್ಲ ಒಂದು ಸಲ ಮಾಡುವ ತಪ್ಪು. ನೆಲ ಇನ್ನೂ ಇಳಿಯುತ್ತಿರುವಾಗಲೇ ಅದನ್ನು ಸಿಂಗರಿಸುತ್ತಾರೆ, ಮುಂದಿನ ಉರುಗ್‌ನಲ್ಲಿ ಸಿಂಗಾರ ಮಣ್ಣಡಿ ಹೋಗುತ್ತದೆ. ಕಸ್ನಾವಿಯವರ ಮನೆಯಡಿಯಲ್ಲೇ ಒಂದು ಪದರ ಹಸಿರು, ಒಂದು ಪದರ ಕೆಂಪು ಟೈಲ್ಸಿವೆ. "ನಮ್ದು ಮೂರಂತಸ್ತಿನ ಮನೆ. ಎರಡಂತಸ್ತು ನೆಲದ ಕೆಳಗಿದೆ" ಎಂದು ಕಸ್ನಾವಿ ಬಂದವರಿಗೆಲ್ಲ ಹೇಳುವುದುಂಟು. ಅವತ್ತು ಹೇಳಲಿಲ್ಲ. ಎಂಟು ಲಕ್ಷ ಹೋಯಿತೆಂದರೆ ಒಂದು ಲಾರಿ ಹೋಯಿತು, ಎಂಟು ಸೆಂಟಿಮೀಟರ್ ಹೋಯಿತು. ಉಳಿದ ನಾಲ್ಕು ಲಾರಿಯನ್ನು ಇಡೀ ಮನೆಗೆ ಹಂಚಿದರೆ, ಮಣ್ಣು ಕೂತ ಮೇಲೆ ನೆಲ ನೀರಿಗಿಂತ ಒಂದೆರಡು ಬೆರಳು ಮೇಲಿದ್ದೀತು. ಹುಣ್ಣಿಮೆಯ ದಿನ ಗಾಳಿ ಬೀಸಿದರೆ ಅದೂ ಇಲ್ಲ.

ಸುಮಿರಾ ಬೈಯಲಿಲ್ಲ. ಮನೆಯೊಳಗೆ ಎರಡು ಸಲ ಹೋಗಿ ಬಂದರು. ಹಿಂದಿನ ಅಡುಗೆಮನೆ ಇಡೀ ಮನೆಯ ಐದರಲ್ಲೊಂದು ಭಾಗ. ಅದನ್ನು ಇದ್ದ ಹಾಗೇ ಬಿಟ್ಟು, ನಾಲ್ಕು ಲಾರಿಯನ್ನೂ ಮುಂದಕ್ಕೆ ಸುರಿದರೆ, ಮುಂದೆ ನಲವತ್ತು ಸೆಂಟಿಮೀಟರೇ ಆಗುತ್ತದೆ. ಆದರೆ ಅಡುಗೆಮನೆಗೆ ಎರಡು ಮೆಟ್ಟಿಲು ಇಳಿಯಬೇಕು, ನೀರೆಲ್ಲ ಅಲ್ಲೇ ನಿಲ್ಲುತ್ತದೆ. ಅದನ್ನವರು ಮುಚ್ಚಿಡದೆ ಹೇಳಿದರು. ತರ್ವಿಯಾ ಚೀಲವನ್ನು ಮತ್ತೆ ಪೆಟ್ಟಿಗೆಗಳ ಮುಂದೆ ಸರಿಸಿಟ್ಟರು.

"ಟೈಲ್ಸ್ ನಂದು. ಅಡುಗೆಮನೇನೂ ನಂದೇ. ಬಿಡಿ ಅಕ್ಕಾ, ನಾನು ನೀರಲ್ಲಿ ನಿಂತೇ ಬೇಯಿಸ್ತೀನಿ."

ಮಣ್ಣು ಬಿತ್ತು. ಆದರೂ ಸುಮಿರಾ ಬಾಗಿಲು ಮುಟ್ಟಲಿಲ್ಲ. ಹೊಸ ಮಣ್ಣು ನಲವತ್ತು ದಿನ ಕೂರಬೇಕು, ಅಲ್ಲಿಯವರೆಗೆ ಕುಯ್ಯುವುದಿಲ್ಲ, ಇದು ಅವರ ಹಟ. ಅಷ್ಟು ದಿನ ಬಾಗಿಲಿಗೆ ಒಂದು ಸರೋಂಗ್ ನೇತುಬಿದ್ದಿತ್ತು. ಲಗ್ನಪತ್ರಿಕೆ ಹಂಚಿಯಾಗಿತ್ತು, ಮನೆಗೆ ಬಾಗಿಲಿರಲಿಲ್ಲ. ತರ್ವಿಯಾ ದಿನಾ ಹೋಗಿ ಕೇಳುವುದು, ಸುಮಿರಾ ದಿನಾ ಎದುರು ಮನೆ ತೋರಿಸುವುದು. ಎದುರು ಮನೆಯ ಪಾ ರೋಖಿಮ್ ಅವಸರಪಟ್ಟು, ಮಣ್ಣು ಬಿದ್ದ ವಾರದಲ್ಲೇ, ಆ ಒಂದು ಸಲ ಮಾತ್ರ, ಬೇರೆ ಯಾರಿಂದಲೋ ಬಾಗಿಲು ಕುಯ್ಯಿಸಿದ್ದರು. ಮಳೆಗಾಲ ಕಳೆದ ಮೇಲೆ ನೆಲ ಕುಸಿದು, ಮುಚ್ಚಿದ ಬಾಗಿಲಡಿಯಿಂದ ಬೆಕ್ಕು ಬಗ್ಗದೆ ಓಡಾಡತೊಡಗಿತು. ಆ ಮನೆಗೆ ಈಗ ಬೆಕ್ಕಿನ ಹೆಬ್ಬಾಗಿಲು ಎಂದೇ ಹೆಸರು. ಅಂಚೆಯವನೂ ಹಾಗೇ ಕೇಳಿಕೊಂಡು ಬರುತ್ತಾನೆ.

ನಲವತ್ತನೆಯ ದಿನದ ಈ ಬೆಳಗ್ಗೆ ಏಳು ಗಂಟೆಗೆ ಎರಡೂ ಕದ ಕುಯ್ದಾಯಿತು. ಒಂದು ಮೀಟರ್ ತೊಂಬತ್ತಿದ್ದ ಬಾಗಿಲು ಒಂದೂವರೆಗೆ ನಿಂತಿತು. ಕುಯ್ದ ಎರಡು ತುಂಡುಗಳ ಅಂಚಿನಿಂದ ನಾಲ್ಕು ಸೆಂಟಿಮೀಟರಿನ ಪಟ್ಟಿ ಸೀಳಿ, ದಾರ ಕಟ್ಟಿ, ಅಟ್ಟದ ಮೇಲಿಟ್ಟರು. ಮುಂದೆ ನೆಲ ಇನ್ನಷ್ಟು ಕೂತರೆ ಅದನ್ನೇ ಬಾಗಿಲ ಬುಡಕ್ಕೆ ಬಡಿಯಬಹುದು. ಮಿಕ್ಕದ್ದನ್ನು ಜೋಡಿಸಿ, ಹಳೇ ಕಿಟಕಿ ಚೌಕಟ್ಟಿನಿಂದ ಕಾಲು ಮಾಡಿ, ಸಂಜೆಯೊಳಗೆ ಒಂದು ತಗ್ಗು ಮೇಜು ನಿಲ್ಲಿಸಿದರು. ಅಡುಗೆಮನೆಯಲ್ಲಿ ಇಟ್ಟಿಗೆ ಜೋಡಿಸಿ, ಅದರ ಮೇಲೆ, ಇನ್ನೂ ಕೂರುವ ನೆಲದಲ್ಲಿ ಒಡೆಯುತ್ತವೆಂದು ಹಾಸದೆ ಉಳಿಸಿದ್ದ ಬಿಳಿ ಟೈಲ್ಸುಗಳನ್ನೇ ಒಂದರ ಮೇಲೊಂದು ಪೇರಿಸಿ ಒಲೆಗೆ ಕಟ್ಟೆ ಮಾಡಿದರು. ಊರಿಗೆಲ್ಲ ಇಲ್ಲದ ಬಿಳಿ ಒಲೆಕಟ್ಟೆ ಅದು. ತರ್ವಿಯಾ ಅದನ್ನು ಎರಡು ಸಲ ಒರೆಸಿದರು.

ಉಳಿದದ್ದು ಬೀಗರ ತಲೆ. ಬಾಗಿಲ ಚೌಕಟ್ಟಿನ ಮೇಲ್ಪಟ್ಟಿಗೆ ಬಟ್ಟೆ ಸುತ್ತೋಣವೆಂದರು ಕಸ್ನಾವಿ. ಮದುವೆ ಮನೆಯೋ ಆಸ್ಪತ್ರೆಯೋ ಎಂದು ಸುಮಿರಾ ಕೇಳಿದರು. ಮದುವೆಯ ದಿನ ಬೆಳಗ್ಗೆ ಮಲ್ಲಿಗೆ ಸರ ತಂದು, ಮೇಲ್ಪಟ್ಟಿಯಿಂದ ಒಂದು ಗೇಣು ಕೆಳಗೆ ಇಳಿಬಿಟ್ಟರು. ಹೂವಿಗೆ ತಲೆ ತಾಗಿಸಿಕೊಂಡು ಯಾರೂ ಬರುವುದಿಲ್ಲ. ಸಲತಿಗಾದ ಹದಿನೆಂಟು ಜನ ಒಬ್ಬೊಬ್ಬರಾಗಿ ಸೊಂಟ ಬಗ್ಗಿಸಿ ಒಳಗೆ ಬಂದರು. ಎಲ್ಲರಿಗಿಂತ ಉದ್ದದ ಬೀಗರು, ಪಾ ಸುದಿಮನ್, ಇಷ್ಟು ಮರ್ಯಾದೆ ನಮ್ಮನೆ ಮಕ್ಕಳೂ ಕೊಡಲ್ಲ, ನಾನೇ ಕೊಡೋ ಹಾಗಾಯ್ತಲ್ಲ ಎಂದು ನಕ್ಕು ಚಾಪೆಯ ಮೇಲೆ ಕೂತರು. ಕೂತ ಮೇಲೆ ಮನೆ ಎತ್ತರವಾಯಿತು.

ಹನ್ನೊಂದು ಗಂಟೆಗೆ ಗಾಳಿ ಎದ್ದಿತು. ನೀರು ಓಣಿ ತುಂಬಿ, ಹಳೇ ಹೊಸ್ತಿಲಿನ ಗುರುತು ದಾಟಿ, ಹೊಸ ನೆಲಕ್ಕೆ ಮೂರು ಬೆರಳು ಕೆಳಗೆ ಬಂತು. ಕಸ್ನಾವಿ ಮೇಜಿನ ಆಚೆಯಿಂದ ಅಳಿಯನ ಕೈ ಹಿಡಿದಿದ್ದರು. ಒಪ್ಪಿಸುವ ಮಾತು ಹೇಳುವ ಮೊದಲು ಒಮ್ಮೆ ಬಾಗಿಲ ಕಡೆ ನೋಡಿದರು. ಅಲ್ಲಿ ಸುಮಿರಾ ಹೊಸ್ತಿಲ ಪಕ್ಕ ಕುಕ್ಕರಗಾಲಲ್ಲಿ ಕೂತು, ಸಿಮೆಂಟಿನ ಅಂಚಿಗೆ ಮೂರು ಬೆರಳು ಅಡ್ಡ ಹಿಡಿದು ತೋರಿಸಿ, ತಲೆಯಾಡಿಸಿದರು. ಕಸ್ನಾವಿ ತಿರುಗಿ, ಒಂದೇ ಉಸಿರಿಗೆ ಮಗಳನ್ನು ಒಪ್ಪಿಸಿಕೊಟ್ಟರು. ಹಿಂದೆ ತರ್ವಿಯಾ ಮೊಣಕಾಲಿನವರೆಗಿನ ನೀರಿನಲ್ಲಿ, ಮದುವೆಯ ಬಟ್ಟೆ ಎತ್ತಿ ಕಟ್ಟಿಕೊಂಡು, ತೆಂಗಿನ ಹಾಲಿನ ಕೋಳಿ ಸಾರು ತಿರುವುತ್ತಿದ್ದರು. ಮೆಟ್ಟಿಲ ಸಂದಿಯಿಂದ ಅವರಿಗೆ ಮಗಳ ಬೆನ್ನು ಕಾಣುತ್ತಿತ್ತು.

ಊಟವಾದ ಮೇಲೆ, ಇಷ್ಟು ವರ್ಷದಲ್ಲಿ ಮಾಡಬೇಕೆಂದಿದ್ದು ಮಾಡದೆ ಉಳಿದದ್ದೇನಾದರೂ ಇದೆಯೇ ಎಂದು ಕೇಳಿದಾಗ, ಸುಮಿರಾ ಚಹಾದ ಲೋಟ ಕೆಳಗಿಟ್ಟರು.

"ಬಾಗಿಲು ಕುಯ್ದಿದೀನಿ. ಒಂದೂ ಮಾಡಿಲ್ಲ. ಎರಡು ಮೀಟರ್ ಎತ್ತರದ್ದು ಒಂದು ಪೂರ್ತಿ ಬಾಗಿಲು ಮಾಡ್ಬೇಕು. ಯಾರೂ ಕುಯ್ಯಬೇಕಾಗಿಲ್ಲದ ಮನೆಗೆ."

ಮರುದಿನ ಇಸ್ತಿ ಗಂಡನ ಮನೆಗೆ ಹೊರಟಾಗ ಆ ಮೇಜನ್ನು ಕೇಳಿ ತೆಗೆದುಕೊಂಡಳು. ಎಪ್ಪತ್ತು ಲಕ್ಷವೂ ಖರ್ಚಾಗಿದೆ. ಕಸ್ನಾವಿಯವರ ಮನೆಯ ಮುಂಗೋಣೆಗೆ ನಲವತ್ತು ಸೆಂಟಿಮೀಟರ್ ನೆಲ ಬಂತು. ಅಡುಗೆಮನೆ ನೀರಿಗೆ ಹೋಯಿತು. ಬಾಗಿಲಿನಿಂದ ನಲವತ್ತು ಸೆಂಟಿಮೀಟರ್ ಹೋಯಿತು. ಅದರಲ್ಲಿ ನಾಲ್ಕು ಅಟ್ಟದ ಮೇಲಿದೆ, ಮೂವತ್ತಾರು ಸಲತಿಗಾದ ಬೆಟ್ಟದ ಮೇಲೆ, ಕುಸಿಯದ ನೆಲದ ಮೇಲೆ ನಿಂತಿದೆ.